ಬೆಳಗಾದರೆ ಏಳದ ತದಡಿಯ ಕಾರು

ಕರೋನಾ ಕಾಲ ಮುಗಿದು ಒಂದೆರಡು ವರ್ಷವಾಗಿತ್ತು. ನಾನಾಗ ಕುಮಟಾದಲ್ಲಿ ಆಟೋ ಎಲೆಕ್ಟ್ರಿಷಿಯನ್. ಗಾಡಿಗಳ ವೈರಿಂಗ್, ಬ್ಯಾಟರಿ, ಸೆಲ್ಫ್ ಮೋಟಾರು ನನ್ನ ಕೆಲಸ. ಗಿರಾಕಿಗಳಿಗೆ ಬೈಯುವುದು ಪುಕ್ಕಟೆ. ತದಡಿಯ ಸಾವಿತ್ರಿಯ ಸಣ್ಣ ಕಾರು ಮೂರನೇ ಸಲ ಹಗ್ಗ ಕಟ್ಟಿಸಿಕೊಂಡು ಬಂದಾಗ ನನ್ನ ಪಿತ್ತ ನೆತ್ತಿಗೇರಿತ್ತು.

ಅವಳ ಗಂಡ ಗಣಪತಿ ಮೀನುಗಾರಿಕೆ ಬೋಟು ನಡೆಸುತ್ತಿದ್ದ ತಾಂಡೇಲ. ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆರಡು ಸಲ ಕುಮಟಾದಲ್ಲಿ ಡಯಾಲಿಸಿಸ್. ಸಾವಿತ್ರಿ ಡ್ರೈವಿಂಗ್ ಕಲಿತಳು. ಒಂದು ದಿನ ಆ ಕಾರಿನಲ್ಲಿ ಮೀನು ಮಾರುವುದು, ಮರುದಿನ ಅದರಲ್ಲೇ ಗಂಡನನ್ನು ಆಸ್ಪತ್ರೆಗೆ ಕರೆತರುವುದು. ಆಸ್ಪತ್ರೆಗೆ ಹೊರಡುವ ಬೆಳಿಗ್ಗೆಯೇ ಬ್ಯಾಟರಿ ಸತ್ತಿರುತ್ತಿತ್ತು. ಒಮ್ಮೆ ಡಯಾಲಿಸಿಸ್ ತಪ್ಪಿ ಗಣಪತಿಗೆ ಉಸಿರಾಡುವುದೇ ಕಷ್ಟವಾಗಿತ್ತಂತೆ.

“ಮಾರಿ ಬಿಡುವಾ ಇದ್ನ. ಬಸ್ಸಿಗೇ ಹೋದ್ರಾತು” ಎಂದ ಗಣಪತಿ. ಡಯಾಲಿಸಿಸ್ ಮುಗಿಸಿ ಗೋಡೆ ಹಿಡಿದು ನಡೆಯುವ ಮನುಷ್ಯ ಬಸ್ಸಿನಲ್ಲಿ ಹೇಗೆ ನಿಂತಾನು?

ಬ್ಯಾಟರಿ ಪರೀಕ್ಷಿಸಿದೆ, ಸರಿಯಿತ್ತು. ಚಾರ್ಜಿಂಗ್ ಹದಿನಾಲ್ಕು ವೋಲ್ಟ್, ಅದೂ ಸರಿ. ಉಳಿದದ್ದು ಪ್ಯಾರಾಸಿಟಿಕ್ ಡ್ರೈನ್. ಗಾಡಿ ನಿಂತಿರುವಾಗಲೂ ಏನಾದರೊಂದು ಕರೆಂಟ್ ಹೀರುತ್ತಿರುವುದು. ನೆಗೆಟಿವ್ ವೈರ್ ಬಿಚ್ಚಿ ನಡುವೆ ಮೀಟರ್ ಇಟ್ಟು ಕಾದೆ. ಮೂವತ್ತು ಮಿಲಿ ಆಂಪಿಯರ್ ಮಾತ್ರ, ಯಾವ ದೋಷವೂ ಇಲ್ಲ.

“ಬಾಗ್ಲು, ಡಿಕ್ಕಿ ಎಂತಾದ್ರೂ ತೆಗ್ದೇ ಇಡ್ತೀಯನೇ ತಂಗೀ?”

ಸಾವಿತ್ರಿ ಕುರ್ಚಿಯಲ್ಲಿ ಕೂತಿದ್ದ ಗಂಡನತ್ತ ನೋಡಿ, “ಇಲ್ಲ ಅಣ್ಣಾ” ಎಂದಳು.

ಆ ನೋಟ ನನಗೆ ಸರಿಬರಲಿಲ್ಲ. ಎರಡು ದಿನ ಬಿಟ್ಟು ಮಧ್ಯಾಹ್ನ ಹೇಳದೆ ಕೇಳದೆ ತದಡಿಗೆ ಹೋದೆ. ತೊಳೆದು ನಿಲ್ಲಿಸಿದ ಕಾರಿನ ಡಿಕ್ಕಿ ಒಂದು ಗೇಣು ತೆರೆದಿತ್ತು, ಹಗ್ಗ ಬಿಗಿದಿತ್ತು. ಮೀನಿನ ನೀರು ಇಳಿಯದಂತೆ ಹಾಸಿದ ದಪ್ಪ ಪ್ಲಾಸ್ಟಿಕ್ ಸರಿಸಿದರೆ ಒಳಗೆ ಪುಟ್ಟ ದೀಪ ಉರಿಯುತ್ತಿದೆ! ಮೀಟರ್ ಇಟ್ಟರೆ ಒಂದು ಆಂಪಿಯರ್ ಹತ್ತಿರ. ಬೈಯಲು ಬಾಯಿ ತೆರೆದೆ.

“ಮೆಲ್ಲಗೆ ಅಣ್ಣಾ, ಒಳ್ಗೆ ಮಲ್ಗಿದ್ರು” ಎಂದು ಸಾವಿತ್ರಿ ಓಡಿಬಂದಳು. “ಮೀನಿನ ವಾಸ್ನೆ ಬಂದ್ರೆ ಈಗ ಅವ್ರಿಗೆ ವಾಂತಿ. ಹುಟ್ಟಿದಾಗಿಂದ ಬೋಟಲ್ಲೇ ಇದ್ದವ್ರು. ಅವ್ರೆದ್ರಿಗೆ ಅದ್ನ ಹ್ಯಾಂಗೆ ಹೇಳೂದು? ಅದ್ಕೇ ಗಾಳಿಗೆ ತೆಗ್ದಿಡ್ತೆ.”

ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಡಿಕ್ಕಿಯ ಬಲ್ಬ್ ತೆಗೆದೆ. ಗಾಡಿ ನಿಲ್ಲಿಸಿದೊಡನೆ ಬ್ಯಾಟರಿಯ ಸಂಪರ್ಕವನ್ನೇ ತಪ್ಪಿಸುವ ಕಟ್-ಆಫ್ ಸ್ವಿಚ್ ಕೂರಿಸತೊಡಗಿದೆ. ಅವಳು ಚಹಾ ಮಾಡಲು ಒಳಹೋದಳು. ಗಣಪತಿ ಬಾಗಿಲು ಹಿಡಿದು ನಿಧಾನ ಹೊರಬಂದ.

“ಡಿಕ್ಕಿ ಅಲ್ದಾ? ನನ್ನ ವಾಂತಿಗೆ ಹೆದ್ರಿ ಅವ್ಳು ತೆಗ್ದಿಡೂದು ನಂಗೆ ಗೊತ್ತದೆ. ಬ್ಯಾಟ್ರಿ ಅದ್ರಿಂದ್ಲೇ ಹೋಗೂದು ಅಂತ ಗೊತ್ತಿರ್ಲಿಲ್ಲ. ನಂಗೆ ಗೊತ್ತದೆ ಅಂತ ಅವ್ಳಿಗೆ ಹೇಳ್ಬೇಡಿ. ಮೀನು ಮಾರೂದೇ ಬಿಟ್ಬಿಡ್ತಾಳೆ.”

ತಲೆಯಾಡಿಸಿ ಸ್ವಿಚ್ಚಿನ ಕೊನೆಯ ಸ್ಕ್ರೂ ಬಿಗಿದೆ. ಕರೆಂಟ್ ಎಲ್ಲಿ ಹೋಗುತ್ತಿದೆ ಎಂದು ಮೀಟರ್ ಹೇಳುತ್ತದೆ, ಯಾಕೆ ಎಂದು ಮನುಷ್ಯರನ್ನೇ ಕೇಳಬೇಕು. ಆಮೇಲೆ ಗಿರಾಕಿಗಳಲ್ಲಿ ಗಂಡ ಹೆಂಡತಿ ಜೊತೆಗೆ ಬಂದರೆ ಒಬ್ಬೊಬ್ಬರನ್ನೇ ಬೇರೆಯಾಗಿ, ಬೈಯದೆ ಕೇಳುವುದನ್ನು ಈ ಕೆಲಸ ನನಗೆ ಕಲಿಸಿತು.

ಸಾವಿತ್ರಿ ಚಹಾ ತಂದಳು. “ಆತಾ ಅಣ್ಣಾ? ಎಂತ ಆಗಿತ್ತು?”

ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

“ಎಂತದೂ ಇಲ್ಲ, ಒಂದು ವೈರ್ ಸಡಿಲ ಆಗಿತ್ತು” ಎಂದೆ. “ಆತು. ಗಾಡಿ ನಿಲ್ಸಿದ ಮೇಲೆ ಈ ಸ್ವಿಚ್ ಆಫ್ ಮಾಡು. ನಾಳೆ ಆಸ್ಪತ್ರೆಗೆ ಕಾರಲ್ಲೇ ಬನ್ನಿ.”