ಬಸ್‌ಸ್ಟಾಪಿನ ಸೋರೆಕಾಯಿ

ಹೆಬ್ಬಾಳದ ಬಸ್‌ಸ್ಟಾಪಿನ ಸೂರಿನ ಮೇಲೆಲ್ಲ ಸೋರೆಬಳ್ಳಿ. ಹಬ್ಬಿಸಿದವರು ಪಕ್ಕದಲ್ಲೇ ಹೂವು ಮಾರುವ ಪುಟ್ಟಮ್ಮ. ಶಿಫ್ಟ್ ಮುಗಿಸಿ ಬಂದ ಹೆಂಗಸರು ಬಾಟಲಿಯಲ್ಲಿ ಉಳಿದ ನೀರನ್ನು ಅದರ ಬುಡಕ್ಕೆ ಸುರಿದೇ ಬಸ್ ಹತ್ತುತ್ತಾರೆ. ಕಾಯಿ ಸರದಿಯಂತೆ ಅವರವರ ಮನೆಗೆ ಹೋಗುತ್ತದಂತೆ.

ನಾನು ಖುಷಿಯಿಂದ ಒಂದು ಎಳೆಕಾಯಿಯತ್ತ ಬೆರಳು ತೋರಿಸಿ, "ಎಷ್ಟು ಚೆನ್ನಾಗಿದೆ!" ಎಂದೆ.

"ಅಯ್ಯೋ, ಬೆರಳು ತೋರುಸ್ಬುಟ್ರಲ್ಲ! ಕಾಯಿ ಕೊಳ್ತೋಯ್ತದೆ ಕಣ್ರೀ. ಕಚ್ಕಳಿ ಬೆರಳ್ನ!" ಪುಟ್ಟಮ್ಮ ಗದರಿದರು. ಕಚ್ಚಿಕೊಂಡೆ. ಸ್ಟಾಪಿಗೆ ಸ್ಟಾಪೇ ನಕ್ಕಿತು.

ನನ್ನ ಬಸ್ಸು ಬಂದಾಗ ಪುಟ್ಟಮ್ಮ ಅದೇ ಕಾಯಿ ಕೊಯ್ದು ಕೈಗಿಟ್ಟರು. "ನೀವ್ ಕಚ್ಕಂಡಿದ್ರ ಮೇಲೆ ಯಾಕೋ ನಂಬ್ಕೆ ಇಲ್ಲ. ಕೊಳೆಯೋಕ್ ಮುಂಚೆ ನೀವೇ ಪಲ್ಯ ಮಾಡ್ಕಂಡ್ ತಿನ್ನಿ."

ಬಸ್ಸಿನಲ್ಲಿ ಪಕ್ಕದ ಸೀಟಿನವರು ನನ್ನ ಮಡಿಲಿನತ್ತ ಬೆರಳು ಚಾಚಿ, "ಎಲ್ಲಿ ಸಿಕ್ತು?" ಎಂದರು.

"ಮೊದಲು ಬೆರಳು ಕಚ್ಕಳಿ!" ಎಂದೆ.