ಕೆಳಗಿನ ಕೆಂಪು ಗುಂಡಿ

ಕೊರಳಲ್ಲಿ ಅಳತೆಯ ಟೇಪು ಇಲ್ಲದ ಅತ್ತೆಯನ್ನು ಯಾರೂ ಕಂಡಿದ್ದಿಲ್ಲ. ಶಾಲೆಯ ಎದುರಿನ ಒಂದೇ ಕೋಣೆಯ ಅಂಗಡಿಯಲ್ಲಿ ಇಪ್ಪತ್ತು ವರ್ಷ ಆಕೆ ಪುಟ್ಟ ಮಕ್ಕಳ ಸಮವಸ್ತ್ರ ಹೊಲಿದಳು. ಬಟ್ಟೆ ಹರಿದರೂ ಆಕೆಯ ಹೊಲಿಗೆ ಬಿಡುತ್ತಿರಲಿಲ್ಲ. ಅಂಥವಳೂ ಒಮ್ಮೆ ತಪ್ಪೊಪ್ಪಿಕೊಂಡದ್ದನ್ನು ಆಕೆಯ ಅಣ್ಣನ ಮಗಳು ಇಂದಿಗೂ ಮರೆತಿಲ್ಲ.

ಆಗ ಆ ಹುಡುಗಿಗೆ ಐದು ವರ್ಷ. ಆಟದ ಅವಧಿ ಮುಗಿದೊಡನೆ ಆಟದ ಬಟ್ಟೆ ಕಳಚಿ ಫ್ರಾಕು ತೊಡಬೇಕು. ಫ್ರಾಕಿಗೋ ಬೆನ್ನ ಮೇಲೆ ಐದು ಗುಂಡಿ. ಉಳಿದವರು ಒಬ್ಬರಿಗೊಬ್ಬರು ಹಾಕಿಕೊಡುತ್ತಿದ್ದರು. ಇವಳಿಗೆ ಕೇಳಲು ನಾಚಿಕೆ. ಗುಂಡಿ ಹಾಕದ ಬೆನ್ನನ್ನು ಗೋಡೆಗೆ ಒತ್ತಿ ಕೂರುತ್ತಿದ್ದವಳಿಗೆ ‘ಗೋಡೆಹಲ್ಲಿ’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಒಂದು ಬೆಳಿಗ್ಗೆ ಶಾಲೆಗೆ ಹೋಗದೆ ಅತ್ತೆಯ ಅಂಗಡಿಯ ತುಂಡುಬಟ್ಟೆಗಳ ರಾಶಿಯಲ್ಲಿ ಅಡಗಿ ಸಿಕ್ಕಿಬಿದ್ದಾಗಲೇ ವಿಷಯ ಹೊರಬಿದ್ದದ್ದು.

“ನಂಗೆ ಬರಲ್ಲ ಅತ್ತೆ. ನಾನು ದಡ್ಡಿ.”

ಅತ್ತೆ ಅವಳ ಕೈಹಿಡಿದು ರಸ್ತೆ ದಾಟಿ, ತರಗತಿಯ ಮಕ್ಕಳೆದುರು ನಿಂತು, ತನ್ನ ಕೆಲಸದ ಮೇಲಂಗಿಯನ್ನು ಹಿಂದುಮುಂದಾಗಿ ತೊಟ್ಟು ಗುಂಡಿ ಹಾಕಲು ಹೆಣಗಿದಳು. ಮೊಣಕೈ ಎತ್ತಿದರೂ ಸೊಂಟ ತಿರುಚಿದರೂ ಮೂರನೆಯದು ಕೈಗೆಟುಕಲಿಲ್ಲ. ಮಕ್ಕಳು ಬಿದ್ದು ಬಿದ್ದು ನಕ್ಕರು.

“ನಗಿ, ನಗಿ. ಹೇಳಿ ನೋಡೋಣ, ತಪ್ಪು ಯಾರದು? ನನ್ನ ಕೈದಾ?”

ಗುಂಡಿಯದು, ಎಂದಿತು ಒಂದು ದನಿ.

“ಗುಂಡಿ ತಾನಾಗೇ ಬೆನ್ನು ಹತ್ತಿ ಕೂತ್ಕೊಳ್ತಾ? ನಿಮ್ಮ ಫ್ರಾಕಿಗೆ ಅಲ್ಲಿಟ್ಟವಳು ನಾನು. ಬೆನ್ನಿಗೆ ಕಣ್ಣಿಲ್ಲ ಅನ್ನೋದೇ ನಂಗೆ ಹೊಳೀಲಿಲ್ಲ. ತೊಡೋರು ಒದ್ದಾಡಿದ್ರೆ ತಪ್ಪು ಹೊಲಿದವರದು, ತಿಳೀತಾ?”

ಹಾಗಾದರೆ ಹೇಗಿರಬೇಕೆಂದು ಕೇಳಿದಳು. ಮುಂದಿರಲಿ, ದಪ್ಪಗಿರಲಿ ಎಂದರು ಮಕ್ಕಳು. ಮುಂದಿದ್ದರೂ ಎಲ್ಲಿಂದ ಶುರುಮಾಡಬೇಕೋ ತಿಳಿಯದೆ ಕೊನೆಗೊಂದು ಗುಂಡಿ ಉಳಿದೇಬಿಡುತ್ತದೆಂದು ಗೋಡೆಹಲ್ಲಿ ಮೆಲ್ಲನೆ ದೂರಿದಳು. ಬೆನ್ನ ಗುಂಡಿಯೇ ನೋಡಲು ಲಕ್ಷಣವೆಂದು ಬಾಗಿಲಲ್ಲಿದ್ದ ಮುಖ್ಯೋಪಾಧ್ಯಾಯಿನಿ ರಾಗವೆಳೆದಾಗ, ಅತ್ತೆ ಬೆನ್ನು ತಿರುಗಿಸಿ, ಇದನ್ನೊಂಚೂರು ಬಿಚ್ಚಿಕೊಡಿ ಮೇಡಂ ಎಂದಳು. ಬಿಚ್ಚುವಷ್ಟರಲ್ಲಿ ಮೇಡಂ ಒಪ್ಪಿಯಾಗಿತ್ತು.

ಹೊಸ ಫ್ರಾಕಿನ ಗುಂಡಿಗಳು ಮುಂದಕ್ಕೆ ಬಂದವು. ನಾಲ್ಕು ಬಿಳಿ, ಎಲ್ಲಕ್ಕಿಂತ ಕೆಳಗಿನದು ಕೆಂಪು. ಅದು ತೂರುವ ಕಾಜಿನ ಸುತ್ತಲೂ ಕೆಂಪು ದಾರ. ಅಲ್ಲಿಂದಲೇ ಶುರುವೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಅಂಗಡಿಯ ಕನ್ನಡಿಯೆದುರು ಹುಡುಗಿ ಒಂದೊಂದೇ ಹಾಕುತ್ತ ಕುತ್ತಿಗೆಯವರೆಗೆ ಬಂದಳು. ನೆರವಿಗೆ ಚಾಚಿದ ಕೈಯನ್ನು ಅತ್ತೆ ಹಿಂದೆಗೆದುಕೊಂಡು ಕೊರಳ ಟೇಪನ್ನು ಹಿಡಿದು ನಿಂತಳು.

ಅಂಗಡಿ ಈಗಿಲ್ಲ, ಅತ್ತೆಯೂ ಇಲ್ಲ. ನಡುವಯಸ್ಸು ತಲುಪಿರುವ ಆ ಹುಡುಗಿ ಕೋಟು ತೊಡುವಾಗ ಬೆರಳು ಮಾತ್ರ ಇಂದಿಗೂ ಮೊದಲು ಕೆಳಗಿನ ಗುಂಡಿಗೇ ಹೋಗುತ್ತದೆ.