ಹಲಗೆಯಿಂದ ಕೀಸಿ ತೆಗೆದ ಹೆಸರು

ಸುಳ್ಳು ಹೇಳಿದವಳು ನಾನು. ಹಾವೇರಿಯ ನಮ್ಮ ಮಹಿಳಾ ಮಂಡಳಿಯ ಸಭಾಭವನ ಉದ್ಘಾಟನೆಯಾದ ಮಧ್ಯಾಹ್ನ, ಒಳಗೆ ಕುಳಿತವರೆಲ್ಲ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಹೊರಗೆ ಓಡಿಬಂದದ್ದು ರಾಣೆಬೆನ್ನೂರಿನ ಶಂಕ್ರಣ್ಣನವರ ಪಾಲಿಷಿನಿಂದಲ್ಲ — ನನ್ನಿಂದ. ಅದು ನನಗೆ ಆ ಕ್ಷಣದಲ್ಲೇ ಗೊತ್ತಿತ್ತು. ಗೊತ್ತಿದ್ದೂ ಮೈಕು ಹಿಡಿದು ಅವರತ್ತ ನೋಡಿದೆ. ಉಳಿದ ಕೆಲಸವನ್ನು ಜನರ ಕಣ್ಣುಗಳು ಮಾಡಿದವು.

ನಾನು ಕಟ್ಟಡಗಳ ಒಳಾಂಗಣ ರೂಪಿಸುವವಳು. ಕಟ್ಟಡ ಕೆಲಸಗಾರರ ಹಕ್ಕುಗಳಿಗಾಗಿ ಬೀದಿಗಿಳಿದವಳೂ ಹೌದು. ಹುಟ್ಟಿದ್ದು ಮೋಟೆಬೆನ್ನೂರಿನಲ್ಲಿ. ನುಡಿದ ಸತ್ಯಕ್ಕಾಗಿ ಜೈಲು ಕಂಡವರ ಹೆಸರುಗಳನ್ನು ನಮ್ಮೂರ ಮಕ್ಕಳಾದ ನಾವು ಪಾಠದಂತೆ ಒಪ್ಪಿಸುತ್ತಿದ್ದೆವು. ತಪ್ಪನ್ನು ತಪ್ಪೆಂದೇ ಹೆಸರಿಟ್ಟು ಕರೆಯಬೇಕು ಎಂದು ನನಗೆ ಕಲಿಸಿದ್ದರು. ಇತರರ ತಪ್ಪುಗಳ ವಿಷಯದಲ್ಲಿ ಆ ಕಲಿಕೆಯನ್ನು ನಾನು ಎಂದೂ ಮರೆತವಳಲ್ಲ —

ಮೊದಲು ಭವನದ ಬಗ್ಗೆ ಹೇಳಬೇಕು. ತಪ್ಪು ಹುಟ್ಟಿದ್ದು ನನ್ನ ಹೆಮ್ಮೆಯೊಳಗೆ, ಮತ್ತು ಆ ಹೆಮ್ಮೆ ಇಂದಿಗೂ ಕರಗಿಲ್ಲ. ಒಳಗೆ ಬಂದು ನಿಂತರೆ ಮೂಲೆ ಎಂಬುದೇ ಕಾಣುವುದಿಲ್ಲ. ಕೆಡವಿದ ಹಳೆಯ ಮನೆಗಳ ತೊಲೆಗಳಿಂದ ಸೀಳಿಸಿದ ಸಾಗವಾನಿ ಹಲಗೆಗಳು ನೆಲದಿಂದೆದ್ದು ಗೋಡೆಯಾಗಿ, ಭುಜದ ಎತ್ತರದಲ್ಲಿ ಮೆಲ್ಲಗೆ ಬಾಗಿ, ತಲೆಯ ಮೇಲೆ ಹಾದು, ಎದುರಿನ ನೆಲಕ್ಕಿಳಿಯುತ್ತವೆ. ಗೋಡೆ ಎಲ್ಲಿ ಮುಗಿಯಿತು, ಚಾವಣಿ ಎಲ್ಲಿ ಶುರುವಾಯಿತು — ರೂಪಿಸಿದ ನನಗೂ ಬೆರಳಿಟ್ಟು ತೋರಿಸಲಾಗದು. ಚಿಕ್ಕವಳಿದ್ದಾಗ ಐರಣಿಯ ಅಜ್ಜಿಯ ಮನೆಗೆ ಹೋದರೆ, ತುಂಗಭದ್ರೆಯ ದಡದಲ್ಲಿ ಬೋರಲು ಹಾಕಿದ ಹರಿಗೋಲಿನ ಕೆಳಗೆ ನುಸುಳಿ ಕೂರುತ್ತಿದ್ದೆ. ಅಲ್ಲಿ ಪಿಸುಗುಟ್ಟಿದರೂ ಮಾತು ದುಂಡಗೆ ಕೇಳುತ್ತಿತ್ತು. ದೊಡ್ಡವಳಾದ ಮೇಲೆ, ಸಭೆಗಳಲ್ಲಿ ಹಿಂದೆ ಕುಳಿತ ಹೆಂಗಸರ ಮಾತು ವೇದಿಕೆಯನ್ನು ತಲುಪುವುದೇ ಇಲ್ಲವೆಂಬ ಸಿಟ್ಟು ನನ್ನಲ್ಲಿ ಬೆಳೆದಿತ್ತು. ಆ ಸಿಟ್ಟಿಗೆ ಹರಿಗೋಲಿನ ಆಕಾರ ಕೊಟ್ಟೆ. ಇಂದು ಆ ಭವನದ ಕೊನೆಯ ಸಾಲಿನಲ್ಲಿ ಮೆಲುದನಿಯಲ್ಲಿ ಕೇಳಿದ ಪ್ರಶ್ನೆಯೂ ಬಾಗಿದ ಮರವನ್ನು ಹಿಡಿದು ವೇದಿಕೆಗೆ ಬರುತ್ತದೆ. ಅಂಥದ್ದೊಂದನ್ನು ನಮ್ಮ ಜಿಲ್ಲೆಯಲ್ಲಿ, ನಮ್ಮ ಬಡಿಗರ ಕೈಯಿಂದ ಮಾಡಿಸಿದೆನಲ್ಲ — ಈ ಮಾತನ್ನು ಬರೆಯುವಾಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ.

ಮರ ತಾನಾಗಿ ಬಾಗುವುದಿಲ್ಲ. ಹಲಗೆಯ ಬೆನ್ನಿಗೆ ಗರಗಸದಿಂದ ಒತ್ತೊತ್ತಾಗಿ ಅಡ್ಡ ಗೀರುಗಳನ್ನು ಹಾಕಬೇಕು. ಮುಖಕ್ಕೆ ಬಿಸಿನೀರಿನ ಬಟ್ಟೆ ಹೊದಿಸಿ ಅಚ್ಚಿಗೆ ಬಿಗಿದರೆ ಮಣಿಯುತ್ತದೆ. ಗೀರು ಹಾಕಿಸಿದ ಹಲಗೆಗಳು ಸಿದ್ಧವಾದಾಗ ಭವನದ ಮೇಲೆ ಇನ್ನೂ ತಗಡು ಬಿದ್ದಿರಲಿಲ್ಲ. ಮಳೆ ತಾಗದ, ಗಾಳಿಯಾಡುವ ಜಾಗ ಬೇಕಿತ್ತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನನ್ನ ಸೋದರಮಾವನ ಗೋದಾಮು ಅರ್ಧ ಖಾಲಿಯಾಗಿತ್ತು.

“ಇಡವಾ, ಬ್ಯಾಡ ಅನ್ನಂಗಿಲ್ಲ,” ಎಂದರು ಮಾವ. “ಆದ್ರ ಆ ಕಡೆ ಚೀಲ ಝಾಡಿಸಾಕತ್ತಾರ. ನಿನ್ನ ಕಟಗೀಗೆ ಖಾರ ಹತ್ತಿದ್ರ ನನ್ನ ಕೇಳಬ್ಯಾಡ.”

“ಖಾರ ಹತ್ತಾಕ ಕಟಗೀಗೆ ಬಾಯಿ ಐತೇನ ಮಾವಾ?” ಎಂದು ನಕ್ಕೆ.

“ಬಾಯಿ ಇಲ್ದ ಮತ್ತೇನವಾ? ಬೆನ್ನ ತುಂಬ ಬರೇ ಬಾಯಿನ ಕೊರಿಸಿಟ್ಟೀಯಲ್ಲ!”

ತಾಡಪತ್ರಿ ಹೊದಿಸಿದರೆ ತೇವ ನಿಂತು ಮರ ಕೆಟ್ಟೀತೆಂದು ತೆರೆದೇ ಇಡಿಸಿದೆ. ಅದು ನನ್ನ ನಿರ್ಧಾರ. ಜೋಡಿಸುವ ಮೊದಲು ಹಲಗೆಗಳ ಮುಖವನ್ನಷ್ಟೇ ಒರೆಸಿಸಿದೆ. ಬಡಿಗರು ಸೀನಿ ನಕ್ಕಾಗ ನಾನೂ ನಕ್ಕು, ಉದ್ಘಾಟನೆ ಹತ್ತಿರ ಬಂತೆಂದು ಅವಸರ ಮಾಡಿದೆ. ಬೆನ್ನಿನ ಗೀರುಗಳನ್ನು ಯಾರೂ ಝಾಡಿಸಲಿಲ್ಲ. ಅದೂ ನನ್ನದೇ.

ಜೋಡಣೆ ಮುಗಿದ ಮೇಲೆ ಶಂಕ್ರಣ್ಣ ಬಂದರು. ಪಾಲಿಷ್ ಗುತ್ತಿಗೆದಾರರು, ನನಗಿಂತ ಹಿರಿಯರು. ವಿನಯವೆಂಬುದು ಅವರ ಹತ್ತಿರ ಸುಳಿದದ್ದಿಲ್ಲ. “ನನ್ನ ಪಾಲಿಷಿನ್ಯಾಗ ಮಾರಿ ನೋಡ್ಕೊಂಡು ಮೀಸಿ ತಿದ್ಕೋಬೇಕ್ರಿ. ಕನ್ನಡಿ ಮಾರೋರು ಅಂಗಡಿ ಮುಚ್ಕೊಂಡು ಹೋಗಬೇಕು!” ಎನ್ನುತ್ತಿದ್ದರು. ಆ ದಿನಗಳಲ್ಲಿ ನಾನು ಯಂತ್ರದಿಂದ ಸಿಂಪಡಿಸುವ ರಾಸಾಯನಿಕ ವಾರ್ನಿಷ್ ವಿರುದ್ಧ ಊರೂರು ಮಾತಾಡುತ್ತಿದ್ದೆ — ಕೆಲಸಗಾರರ ಎದೆ ಹಾಳಾಗುತ್ತದೆಂದು. ನನ್ನ ಭವನದಲ್ಲಿ ಅರಗು ಮತ್ತು ಸ್ಪಿರಿಟ್ಟಿನ ಪಾಲಿಷನ್ನು ಕೈಯಿಂದಲೇ ಉಜ್ಜಬೇಕೆಂದು ಹಟ ಹಿಡಿದೆ. ಅವರು ಜಗಳಾಡಿದರು, ಅಣಕಿಸಿದರು — “ನಿಮ್ಮ ಹೋರಾಟಕ್ಕ ನನ್ನ ರಟ್ಟಿ ಬಿದ್ದು ಹೊಂಟಾವ್ರಿ ಮೇಡಂರ” — ಆದರೆ ಯಂತ್ರವನ್ನು ಬದಿಗಿಟ್ಟು, ಇಡೀ ಚಾವಣಿಯನ್ನು ಹತ್ತಿಯ ಉಂಡೆಯಿಂದ ಉಜ್ಜಿದರು. ನಾನು ಬೇಡಿದ್ದನ್ನೇ ಮಾಡಿದ ಮನುಷ್ಯ ಅವರು. ಇದನ್ನು ನೆನಪಿಡಿ.

ಉದ್ಘಾಟನೆಯ ದಿನ ಸೆಖೆ. ಸಭೆ ತುಂಬಿದ ಮೇಲೆ ಫ್ಯಾನುಗಳನ್ನೆಲ್ಲ ಒಮ್ಮೆಲೇ ಹಾಕಿದರು. ಭವನವನ್ನು ಹೊಗಳುತ್ತಿದ್ದ ಅತಿಥಿ ನಡುಮಾತಿನಲ್ಲಿ ಸೀನಿದರು, ಜನ ನಕ್ಕರು, ನಕ್ಕವರೂ ಕೆಮ್ಮತೊಡಗಿದರು. ಹಲಗೆಗಳ ಸಂದಿನಿಂದ, ಬೆನ್ನಿನ ಆ ಎಲ್ಲ ಬಾಯಿಗಳಿಂದ, ಬ್ಯಾಡಗಿಯ ಪುಡಿ ಇಳಿಯುತ್ತಿತ್ತು. ಹೊಸ ಪಾಲಿಷಿನ ವಾಸನೆಯಡಿ ಅದರ ಘಾಟು ಅರ್ಧ ಮುಚ್ಚಿಹೋಗಿತ್ತು. ಆಗ ಕೊನೆಯ ಸಾಲಿನಿಂದ ಒಬ್ಬ ಅಜ್ಜಿ ಪಕ್ಕದವಳಿಗೆ ಹೇಳಿದ್ದು, ನಾನೇ ಬಾಗಿಸಿದ ಮರದ ಮೇಲೆ ಹಾದು, ವೇದಿಕೆಯಲ್ಲಿದ್ದ ನನ್ನ ಕಿವಿಗೆ ಸ್ಪಷ್ಟವಾಗಿ ಬಂತು:

“ಏನವಾ ಇದು, ಮೆಣಸಿನಕಾಯಿ ಕುಟ್ಟಿದ್ಹಂಗ ಘಾಟ ಬರಾಕತ್ತೈತಲ್ಲ!”

ಹಿಂದೆ ಕುಳಿತವಳ ಮಾತು ಮುಂದೆ ಕೇಳಲೆಂದು ಕಟ್ಟಿದ ಭವನ. ಅದು ತನ್ನ ಕೆಲಸ ಮಾಡಿತ್ತು. ಮತ್ತು ನಾನು — ಆ ಮಾತು ಇನ್ನೊಬ್ಬರಿಗೆ ಕೇಳುವ ಮೊದಲೇ ಮೈಕು ಎತ್ತಿಕೊಂಡು ಅದನ್ನು ಮುಳುಗಿಸಿದೆ.

“ಗಾಬರಿಯಾಗಬೇಡಿ. ನಾವು ಇಷ್ಟು ದಿನ ಎಚ್ಚರಿಸುತ್ತಿದ್ದದ್ದು ಇದನ್ನೇ. ಪಾಲಿಷಿನಲ್ಲಿ ಅಗ್ಗದ ರಾಸಾಯನಿಕ ಬೆರೆಸಿದ್ದಾರೆ.”

ಹಾಗೆಂದು ಬಾಗಿಲತ್ತ ನೋಡಿದೆ. ಶಂಕ್ರಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅಲ್ಲಿ ನಿಂತಿದ್ದರು. ಹೊಗಳಿಕೆ ಕೇಳಲೆಂದು ಮನೆಯವರನ್ನೂ ಕರೆತಂದಿದ್ದರು. ಹೊರಗೆ ಅಂಗಳದಲ್ಲಿ, ಎಲ್ಲರ ಎದುರು, ನನ್ನ ಮುಂದೆ ಬಂದು ನಿಂತರು. “ಅರಗು, ಸ್ಪಿರಿಟ್ಟು ಬಿಟ್ರ ಅದರಾಗ ಮತ್ತೇನಿಲ್ರಿ ಮೇಡಂರ. ನೀವ ನಿಂತು ನೋಡೀರಿ. ಹೇಳ್ರಿ ಇವರಿಗೆ.”

ಹೇಳಬೇಕಾದದ್ದು ಒಂದೇ ಮಾತು. “ಪರಿಶೀಲಿಸೋಣ,” ಎಂದೆ.

ಮರುದಿನ ಹಲಗೆಗಳ ಬೆನ್ನಿನ ಪುಡಿಯನ್ನು ಧೂಳೆಳೆಯುವ ಯಂತ್ರದಿಂದ ಸಂದುಗಳ ಮೂಲಕ ತೆಗೆಸಿದೆ; ಪಾಲಿಷಿನ ವಿಷ ತೆಗೆಸುತ್ತಿದ್ದೇನೆಂದು ಮಂಡಳಿಗೆ ಹೇಳಿದೆ. ಇದು ಎರಡನೆಯ ಸುಳ್ಳು. ಕಟ್ಟಿದವರೆಲ್ಲರ ಹೆಸರು ಬಾಗಿಲ ಬಳಿಯ ಹಲಗೆಯಲ್ಲಿ ಕೊರೆದಿರಬೇಕೆಂಬುದು ನನ್ನದೇ ಹೋರಾಟವಾಗಿತ್ತು. ಶಂಕ್ರಣ್ಣನವರ ಹೆಸರು ತೆಗೆಯಬೇಕೆಂದು ಮಂಡಳಿ ಹೇಳಿದಾಗ ಬಾಯಿ ತೆರೆಯಲಿಲ್ಲ. ಬಡಿಗ ಅದನ್ನು ಕೀಸುವಾಗ ಪಕ್ಕದಲ್ಲೇ ನಿಂತಿದ್ದೆ. ಸುರುಳಿಸುರುಳಿಯಾಗಿ ಹೆಸರು ನನ್ನ ಕಾಲ ಬಳಿ ಬಿತ್ತು.

ರಾಣೆಬೆನ್ನೂರಿನಲ್ಲಿ ಅವರಿಗೆ ‘ಕೆಮ್ಮಿನ ಶಂಕ್ರ’ ಎಂಬ ಹೆಸರು ಅಂಟಿತು. ದೊಡ್ಡ ಕೆಲಸಗಳು ಅವರಿಂದ ದೂರವಾದವು. ನನ್ನ ಭಾಷಣ ಮಾತ್ರ ಬಾಯಿಂದ ಬಾಯಿಗೆ ಹರಡಿತು. ಎಷ್ಟೋ ಕೆಲಸದ ಜಾಗಗಳಲ್ಲಿ ಪಾಲಿಷ್ ಹಚ್ಚುವವರಿಗೆ ಮುಖಗವಸು ಸಿಕ್ಕಿತು. ಅದು ಒಳ್ಳೆಯದೇ. ಆದರೆ ಅದನ್ನು ತಂದು ಈ ತಕ್ಕಡಿಯ ಇನ್ನೊಂದು ತಟ್ಟೆಗೆ ನಾನು ಹಾಕುವುದಿಲ್ಲ.

ವರ್ಷಗಳು ಹೋದವು. ಈಚೆಗೆ ಭವನಕ್ಕೆ ಹೊಸದಾಗಿ ಪಾಲಿಷ್ ಮಾಡಿಸೋಣವೆಂದು ಮಂಡಳಿಯವರು ಒಬ್ಬರನ್ನು ಕರೆಸಿದರು. ಆತ ಗೋಡೆ ಚಾವಣಿಯಾಗುವ ಬಾಗಿನ ಮೇಲೆ ಅಂಗೈ ಆಡಿಸಿ, “ಇದಕ್ಕ ಕೈ ಹಚ್ಚಬಾರ್ದ್ರಿ. ಹಚ್ಚಿದ್ರ ಕೆಡ್ತೈತಿ. ಯಾರ ಕೆಲಸರಿ ಇದು?” ಎಂದ. ಎಲ್ಲರೂ ನನ್ನ ಮುಖ ನೋಡಿದರು. ಹೆಸರುಗಳಿಗಾಗಿ ಹೋರಾಡಿದವಳ ಬಾಯಿಗೆ ಒಂದು ಹೆಸರು ಬರಲಿಲ್ಲ.

ಮರುದಿನ ರಾಣೆಬೆನ್ನೂರಿಗೆ ಹೋದೆ. ಶಂಕ್ರಣ್ಣ ಮನೆಯ ಮುಂದೆ ಯಾರದೋ ತೂಗುಮಂಚದ ಹಲಗೆ ಉಜ್ಜುತ್ತಿದ್ದರು. ಗೋದಾಮು, ಗೀರುಗಳು, ಪುಡಿ — ಎಲ್ಲವನ್ನೂ ಹೇಳಿದೆ. ಕೈ ನಿಲ್ಲಿಸದೆಯೇ ಕೇಳಿದರು.

“ಅಂದ್ರ ನನ್ನ ಪಾಲಿಷ್ ಚಲೋ ಇತ್ತು.”

“ಚಲೋ ಇತ್ತು. ಈಗೂ ಐತಿ.”

“ಅದನ್ನ ಹೇಳಾಕ ನೀವು ಬರಬೇಕಾಗಿರಲಿಲ್ಲ. ನನಗ ಗೊತ್ತೈತಿ.” ಉಂಡೆಯನ್ನು ಮತ್ತೆ ಪಾಲಿಷಿಗೆ ಅದ್ದಿ, “ನಿಮಗ ಯಾವಾಗ ಗೊತ್ತಾತು?”

“ಆವತ್ತ.”

ಆಗ ಕೈ ನಿಂತಿತು. ಹತ್ತಿಯ ಉಂಡೆಯನ್ನು ಬಟ್ಟಲಲ್ಲಿಟ್ಟು ನನ್ನನ್ನು ನೋಡಿದರು. ನಾನು ಅಳುತ್ತಿದ್ದೆ.

“ಇಲ್ಲಿ ನನ್ನ ಮುಂದ ಅತ್ರ ಏನ್ ಬಂತ್ರಿ? ಮೈಕ್ ಹಿಡದು ಅಂದೀರಿ. ಮೈಕ್ ಹಿಡದು ಹಿಂದ ತಗೋರಿ.”

ಕುಳಿತುಕೊಳ್ಳಿ ಎನ್ನಲಿಲ್ಲ, ಚಹಾ ಎನ್ನಲಿಲ್ಲ. ನಮ್ಮ ಕಡೆ ಅದರ ಅರ್ಥ ಎಲ್ಲರಿಗೂ ಗೊತ್ತು. ನನಗೆ ಸಲ್ಲಬೇಕಾದ್ದೇ ಸಂದಿತು.

ಬರುವ ವಾರ್ಷಿಕ ಸಭೆಯಲ್ಲಿ ಈ ಬರಹವನ್ನು ಆ ಚಾವಣಿಯ ಕೆಳಗೆ ನಿಂತು ಓದುತ್ತೇನೆ. ಆ ಭವನದಲ್ಲಿ ಮೈಕು ಬೇಕಿಲ್ಲ. ಆದರೂ ಹಿಡಿಯುತ್ತೇನೆ — ಅವರು ಹಾಗೆ ಹೇಳಿದ್ದಾರೆ. ಬಾಗಿಲ ಬಳಿಯ ಹಲಗೆಯಲ್ಲಿ ಕೀಸಿದ ಜಾಗ ತಗ್ಗಾಗಿದೆ. ಅಲ್ಲೇ ಅವರ ಹೆಸರನ್ನು ಮತ್ತೆ ಕೊರೆಯಿಸುತ್ತೇನೆ. ತಗ್ಗನ್ನು ತುಂಬಿಸುವುದಿಲ್ಲ, ಹಲಗೆಯನ್ನು ಬದಲಿಸುವುದಿಲ್ಲ. ಸುತ್ತಲಿನ ಹೆಸರುಗಳಿಗಿಂತ ಆ ಒಂದು ಹೆಸರು ಒಳಗಿರುತ್ತದೆ. ಬಂದವರು ಬೆರಳಾಡಿಸಿ, ಇದು ಯಾಕೆ ಹೀಗಿದೆ ಎಂದು ಕೇಳುತ್ತಾರೆ. ಕೇಳಿದವರಿಗೆಲ್ಲ ಉತ್ತರ ಹೇಳುವುದು ಇನ್ನು ಮುಂದೆ ನನ್ನ ಕೆಲಸ.